ಹುಡುಗಿಯ ಅಪ್ಪನನ್ನು ಕರೆದುಕೊಂಡು ಹೋದದ್ದು

ನಾನು ಜೀವಮಾನದಲ್ಲಿ ಎಂದೂ ದಾರಿ ತಪ್ಪಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸೆರಂಬಾನ್ ಊರಿನಲ್ಲಿ ಈಗ ಬೇರೆಯೇ ಮಾತು ಓಡಾಡುತ್ತಿದೆ. ಮೂವತ್ತೊಂದು ವರ್ಷ ಭೂಮಾಪನ ಕಚೇರಿಯಲ್ಲಿ ಕೂತು ನಕ್ಷೆ ಬರೆದವನು ನಾನು. ಈ ನೆಗ್ರಿ ಸೆಂಬಿಲಾನ್ ಸೀಮೆಯ ಹೊಳೆ, ಹಳ್ಳ, ಖಬರಸ್ತಾನ, ರಬ್ಬರ್ ತೋಟದ ಬೇಲಿ ಎಲ್ಲವೂ ನನ್ನ ಲೇಖನಿಯ ಕೆಳಗೆ ಹಾದು ಹೋಗಿವೆ. ನಾನು ಬರೆದ ಮೇಲೆ ಹೊಳೆ ಬೇರೆ ಕಡೆ ಹರಿದರೆ ಅದು ಹೊಳೆಯ ತಪ್ಪು. ಸರ್ಕಾರದವರು ಸೇತುವೆ ಕಿತ್ತು ಬೇರೆ ಜಾಗದಲ್ಲಿ ಕಟ್ಟಿದರೆ ಅದು ಸರ್ಕಾರದ ತಪ್ಪು. ಈ ತರ್ಮಿಜಿಯ ತಪ್ಪಲ್ಲ. ಇದನ್ನು ನನ್ನ ಹೆಂಡತಿ ಕಲ್ಸೊಮ್‌ಗೆ ಎಷ್ಟು ಸಲ ಬಿಡಿಸಿ ಹೇಳಿದರೂ ಅವಳು "ಹೌದ್ರೀ, ಹೌದ್ರೀ" ಎನ್ನುತ್ತ ಈರುಳ್ಳಿ ಹೆಚ್ಚುತ್ತ ಕೂರುತ್ತಾಳೆ.

ಇದ್ರುಸ್ ಬಂದದ್ದು ಸಮುದ್ರದಾಚೆಯ ಸಂದಕಾನ್‌ನಿಂದ, ವಿಮಾನದಲ್ಲಿ, ಕೈಯಲ್ಲೊಂದು ಸಣ್ಣ ಚೀಲ ಹಿಡಿದುಕೊಂಡು. ಒಂದು ಕಾಲದಲ್ಲಿ ನಾವಿಬ್ಬರೂ ಒಂದೇ ಕಚೇರಿಯಲ್ಲಿದ್ದವರು. ಅವನು ಬಿಸಿಲಲ್ಲಿ ಅಳೆದು ತರುತ್ತಿದ್ದ, ನಾನು ಫ್ಯಾನಿನ ಕೆಳಗೆ ಕೂತು ಬರೆಯುತ್ತಿದ್ದೆ. ಅಳೆಯಲು ಹೋದ ಹಳ್ಳಿಯೊಂದರಲ್ಲಿ ರೊಸ್ನಾ ಎಂಬ ಹುಡುಗಿಯನ್ನು ಮೆಚ್ಚಿ ಮದುವೆಯಾದ. ನಮ್ಮ ಕಡೆ ಗಂಡಸರೆಲ್ಲರೂ ಮನೆಅಳಿಯಂದಿರೇ. ಮನೆ ಹೆಂಡತಿಯದು, ಗದ್ದೆ ಹೆಂಡತಿಯದು, ಯಜಮಾನಿಕೆ ಹೆಂಡತಿಯ ಅಣ್ಣನದು. ಗಂಡನದು ಎಂದರೆ ಅವನು ಬರುವಾಗ ತಂದ ಪೆಟ್ಟಿಗೆ. ರೊಸ್ನಾಳಿಗೂ ಇವನಿಗೂ ಹೊಂದದೆ ತಲಾಖ್ ಆದಾಗ ಇದ್ರುಸ್ ಆ ಪೆಟ್ಟಿಗೆ ಎತ್ತಿಕೊಂಡು ಸಂದಕಾನಿಗೆ ಹೋದ. ಆಗ ಮಗಳು ನಾದಿರಾಗೆ ಐದು ವರ್ಷ. ಶಾಲೆಯ ರಜೆಗೆಲ್ಲ ಬರುತ್ತೇನೆ ಎಂದು ಹೇಳಿ ಹೋದವನು ಹತ್ತೊಂಬತ್ತು ವರ್ಷ ಬರಲಿಲ್ಲ.

ಈಗ ನಾದಿರಾಳ ಮದುವೆ. ಮನೆಅಳಿಯನಿಲ್ಲದೆ ನಡೆಯದ ಕೆಲಸ ನಮ್ಮಲ್ಲಿ ಇದೊಂದೇ. ಹೆತ್ತ ಅಪ್ಪನಾದವನು ಮದುಮಗನ ಕೈ ಹಿಡಿದು, "ನನ್ನ ಮಗಳು ಇಂಥವಳನ್ನು ನಿನಗೆ ನಿಕಾಹ್ ಮಾಡಿಕೊಟ್ಟೆ" ಎಂದು ತನ್ನ ಬಾಯಿಂದ ಹೇಳಬೇಕು. ಹೇಳಲು ಬಾರದಿದ್ದರೆ ಆ ಮಾತನ್ನು ಇಮಾಮರಿಗೆ ವಹಿಸಿ ಸಹಿ ಹಾಕಿಕೊಡಬೇಕು. ರೊಸ್ನಾಳ ಅಣ್ಣ ಮಾಲಿಕ್ ಆ ಕಾಗದವನ್ನು ಅಂಚೆಯಲ್ಲಿ ಸಂದಕಾನಿಗೆ ಕಳಿಸಿದ್ದ. ಇದ್ರುಸ್ ಸಹಿ ಹಾಕಲಿಲ್ಲ. ನಾನೇ ಬಂದು ಹೇಳುತ್ತೇನೆ ಎಂದು ಫೋನ್ ಮಾಡಿದ.

"ಬರೋದಾದ್ರೆ ಶನಿವಾರ ಮಧ್ಯಾಹ್ನದ ನಮಾಜಿನ ಬಾಂಗ್ ಆಗೋದ್ರೊಳಗೆ ಬಾ" ಅಂದಿದ್ದನಂತೆ ಮಾಲಿಕ್. "ಆಗ್ಲಿಲ್ವಾ, ಖಾಜಿ ಕಚೇರಿಯಿಂದ ಬೇರೆ ವ್ಯವಸ್ಥೆ ಮಾಡಿಕೊಳ್ತೀವಿ, ಅರ್ಜಿ ಬರೆದಿಟ್ಟಿದೀನಿ. ಆಮೇಲೆ ನೀನು ಯಾವತ್ತೂ ಬರೋದು ಬೇಡ."

ಇದು ಪರಿಸ್ಥಿತಿ. ಇದ್ರುಸನನ್ನು ಆ ಹಳ್ಳಿಗೆ ಮುಟ್ಟಿಸುವ ಹೊಣೆ ನನ್ನ ತಲೆಗೆ ಬಂತು, ಅಂದರೆ ನಾನೇ ತಲೆ ಕೊಟ್ಟೆ. ಹಿಂದಿನ ಸಂಜೆ ಅವನು ಮದುವೆಯ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಕಾರ್ಡಿನ ಬೆನ್ನಿಗೆ ಒಂದು ನಕ್ಷೆ ಇಲ್ಲದಿದ್ದರೆ ನಮ್ಮಲ್ಲಿ ಮದುವೆಗೇ ಮರ್ಯಾದೆಯಿಲ್ಲ. ಆದರೆ ಇದು ನಕ್ಷೆಯೇ? ಉತ್ತರ ದಿಕ್ಕಿನ ಗುರುತಿಲ್ಲ, ಅಳತೆಯಿಲ್ಲ. ಒಂದು ನೀರಿನ ಟ್ಯಾಂಕು, ಒಂದು ಡೂರಿಯನ್ ಹಣ್ಣಿನ ಅಂಗಡಿ, ಒಂದು ಸೇತುವೆ, ಬಾಣದ ಗುರುತು, ಅಷ್ಟೇ. ಮೈಯೆಲ್ಲ ಉರಿದುಹೋಯಿತು. ನನ್ನ ಹಳೆಯ ಮಸಿಲೇಖನಿ ತೆಗೆದು ಅಲ್ಲೇ ತಿದ್ದಿದೆ. ಸೇತುವೆಯನ್ನು ಅದು ಇರಬೇಕಾದ ಜಾಗಕ್ಕೆ ಸರಿಸಿದೆ. ಬಲಗಡೆಗಿದ್ದ ಬಾಣವನ್ನು ಹೊಡೆದು ಎಡಗಡೆಗೆ ಹಾಕಿದೆ.

"ಫೋನಲ್ಲಿ ದಾರಿ ಹೇಳೋ ಹೆಂಗಸಿದಾಳಲ್ಲ, ಅವಳನ್ನೊಂದು ಮಾತು ಕೇಳ್ಬಾರ್ದೇನ್ರೀ" ಅಂದಳು ಕಲ್ಸೊಮ್.

"ಅವಳು ಎಷ್ಟು ವರ್ಷ ಸರ್ವೇ ಇಲಾಖೇಲಿ ಕೆಲಸ ಮಾಡಿದಾಳೆ?" ಅಂದೆ.

ಕಲ್ಸೊಮ್ ಇದ್ರುಸನ ಕಡೆ ನೋಡಿದಳು. "ಅಣ್ಣಾ, ನೀವು ಬಸ್ಸಲ್ಲೇ ಹೋಗಿ" ಅಂದಳು. ಅವನು ನಕ್ಕ. ಆಮೇಲೆ ಎರಡು ದಿನ ಅವನು ನಕ್ಕದ್ದನ್ನು ನಾನು ನೋಡಲಿಲ್ಲ.

ಬೆಳಗ್ಗೆ ಏಳೂವರೆಗೆ ಹೊರಟೆವು. ದಾರಿ ಮುಕ್ಕಾಲು ಗಂಟೆಯದು, ಬಾಂಗ್ ಆಗುವುದು ಒಂದೂಕಾಲಿಗೆ. ಐದು ಗಂಟೆಯ ಹೊತ್ತು ಕೈಯಲ್ಲಿದೆ. ಸಮುದ್ರದಾಚೆಯಿಂದ ಬಂದ ಸ್ನೇಹಿತನಿಗೆ ನಮ್ಮ ಸೀಮೆಯ ಊಟ, ನಮ್ಮ ಸೀಮೆಯ ವೈಭವ ತೋರಿಸದೆ ಕರೆದುಕೊಂಡು ಹೋಗುವುದು ನನ್ನ ಜಾಯಮಾನವಲ್ಲ. ಎಲ್ಲಿ ಏನು ತಿನ್ನಬೇಕು ಎಂಬುದರಲ್ಲೂ ನಾನು ನಕ್ಷೆ ಬರೆದವನೇ. ಆಕಾಶ ಮಾತ್ರ ಕೆಟ್ಟದಾಗಿತ್ತು. ಸುಮಾತ್ರಾದ ಕಾಡು ಸುಟ್ಟ ಹೊಗೆ ವಾರದಿಂದ ಊರ ಮೇಲೆ ಕವಿದುಕೊಂಡು, ಎದುರಿಗೆ ಬರುವ ಲಾರಿಯೂ ಹತ್ತಿರ ಬಂದ ಮೇಲೇ ಕಾಣುತ್ತಿತ್ತು. ಇದ್ರುಸ್ ಹೊಸ ರೇಷ್ಮೆ ಅಂಗಿ, ಸೊಂಟಕ್ಕೆ ಜರಿಯ ಲುಂಗಿ, ತಲೆಗೆ ಕಪ್ಪು ಟೋಪಿ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಮೊದಲು ಪೇಟೆಯ ಕೊನೆಯ ಅಂಗಡಿಯಲ್ಲಿ ನಾಸಿ ಲೆಮಾಕ್. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಬಾಳೆ ಎಲೆ, ಪಕ್ಕದಲ್ಲಿ ಕಣ್ಣಲ್ಲಿ ನೀರು ತರಿಸುವ ಖಾರ. ಇದ್ರುಸ್ ಒಂದು ಪೊಟ್ಟಣ ಮುಗಿಸಿ ಇನ್ನೊಂದು ಬಿಚ್ಚಿದ. ಆಮೇಲೆ ಮೂರನೆಯದು.

"ಸಾಕು ಕಣೋ, ಮುಂದೆ ಇನ್ನೂ ಇದೆ" ಅಂದೆ.

"ಇದು ಸಂದಕಾನಲ್ಲಿ ಸಿಗಲ್ಲ ಮಿಜಿ."

ನಾಸಿ ಲೆಮಾಕ್ ಸಿಗದೇ ಇರುವುದಕ್ಕೆ ಸಂದಕಾನ್ ಏನು ಚಂದ್ರಲೋಕವೇ ಎಂದು ನನಗೆ ಆಗ ಹೊಳೆಯಲಿಲ್ಲ. ನನ್ನ ಆಯ್ಕೆ ಅಷ್ಟು ಚೆನ್ನಾಗಿದೆ ಎಂದೇ ತಿಳಿದು ಹಿಗ್ಗಿದೆ. ಅಂಗಡಿಯವಳು, "ಪಾಕ್ಚಿಕ್, ನಿಧಾನ, ಎಲೇನೂ ತಿಂದ್ಬಿಟ್ಟೀರಾ" ಅಂದಳು. ಪಾಕ್ಚಿಕ್ ಎಂದರೆ ಚಿಕ್ಕಪ್ಪ. ಹೆಸರು ಗೊತ್ತಿಲ್ಲದ ಯಾವ ವಯಸ್ಸಾದ ಗಂಡಸಿಗೂ ಇಲ್ಲಿ ಹಾಗೆ ಅನ್ನುತ್ತಾರೆ.

ಬುಕಿತ್ ಪುತುಸ್ ಘಾಟಿ ಹತ್ತಿದ ಮೇಲೆ ರಸ್ತೆಬದಿಯಲ್ಲಿ ಬಿದಿರ ಕೊಳವೆಗಳನ್ನು ಕೆಂಡಕ್ಕೆ ಒರಗಿಸಿ ಅಂಟಕ್ಕಿ ಬೇಯಿಸುತ್ತಿದ್ದರು. ಅಲ್ಲಿ ನಿಲ್ಲಿಸಿದೆ. ಬಿದಿರು ಸೀಳಿ ಕೊಟ್ಟ ಅನ್ನಕ್ಕೆ ಗಟ್ಟಿ ಮಾಂಸದ ಸಾರು. ಇದ್ರುಸ್ ಒಂದು ಇಡೀ ಕೊಳವೆ ಖಾಲಿ ಮಾಡಿ, ಬೆರಳು ನೆಕ್ಕಿ, "ಇನ್ನೊಂದು ಸೀಳಿಸು" ಅಂದ. ಮುಖ ನೋಡಿದರೆ ಯಾರದೋ ಸಾವಿನ ಮನೆಯಲ್ಲಿ ಕೂತವನ ಹಾಗಿತ್ತು. ರುಚಿಯಲ್ಲಿ ಮೈಮರೆತಿದ್ದಾನೆ ಎಂದುಕೊಂಡೆ.

ಆಮೇಲೆ ಸ್ರಿ ಮೆನಾಂತಿಯ ಹಳೆಯ ಅರಮನೆ. ಪೂರಾ ಮರದ್ದು. ತೊಂಬತ್ತೊಂಬತ್ತು ಕಂಬ ಎಂದು ನಾನು ಹೇಳಿದ್ದೇ ತಪ್ಪಾಯಿತು. ಇದ್ರುಸ್ ಹೊರಗಿನಿಂದ ಎಣಿಸಲು ಶುರುಮಾಡಿದ. ನಲವತ್ತೇಳಕ್ಕೆ ಬಂದಾಗ ಲೆಕ್ಕ ತಪ್ಪಿತು ಎಂದು ಮತ್ತೆ ಮೊದಲಿನಿಂದ.

"ಲೋ, ಬೋರ್ಡಲ್ಲೇ ಬರೆದಿದಾರಲ್ಲೋ."

"ಬೋರ್ಡನ್ನ ಹೇಗೆ ನಂಬೋದು? ನೀನೇ ತಾನೆ ಹೇಳಿದ್ದು, ಅಳೆಯದೆ ಏನನ್ನೂ ಬರೀಬಾರ್ದು ಅಂತ."

ನನ್ನ ಮಾತನ್ನು ನನಗೇ ತಿರುಗಿಸಿದ ಮೇಲೆ ಏನು ಹೇಳಲಿ? ಮುಕ್ಕಾಲು ಗಂಟೆ ಎಣಿಸಿದ. ಅಲ್ಲಿಂದ ಹೊರಟಾಗ ಹತ್ತೂವರೆ. ಮತ್ತೆ ಎಳನೀರು ಬೇಕೆಂದ, ಎಳನೀರು ಕುಡಿದ ಮೇಲೆ ಮೂತ್ರಕ್ಕೆ ನಿಲ್ಲಿಸಬೇಕೆಂದ. ನಾನೂ ಉತ್ಸಾಹದಲ್ಲಿ ಎಲ್ಲದಕ್ಕೂ ನಿಲ್ಲಿಸಿದೆ.

ಹನ್ನೊಂದಕ್ಕೆ ಆ ಕವಲು ಬಂತು. ಮದುವೆ ಮನೆ ಇತ್ತ ಕಡೆ ಎಂದು ತೋರಿಸಲು ನಮ್ಮಲ್ಲಿ ಬಣ್ಣದ ಕಾಗದ ಸುತ್ತಿದ ಹೊಂಬಾಳೆಯಂಥ ಕೋಲುಗಳನ್ನು ರಸ್ತೆಬದಿ ನೆಡುತ್ತಾರೆ. ಶಾಲೆಗೆ ರಜೆ ಬಿಟ್ಟರೆ ಊರಿಗೆ ಐದು ಮದುವೆ. ಎಡಕ್ಕೂ ಹೊಂಬಾಳೆ ಇತ್ತು, ಬಲಕ್ಕೂ ಇತ್ತು. ಅಚ್ಚಾದ ಕಾರ್ಡು ಬಲ ಎನ್ನುತ್ತಿತ್ತು. ನನ್ನ ತಿದ್ದುಪಡಿ ಎಡ ಎನ್ನುತ್ತಿತ್ತು. ಯಾರಿಗೆ ಬೆಲೆ ಕೊಡಬೇಕು ಎಂಬ ಪ್ರಶ್ನೆಯೇ ಬರಲಿಲ್ಲ.

ಎಡಕ್ಕೆ ಅರ್ಧ ಮೈಲಿ ಹೋದರೆ ಶಾಮಿಯಾನ, ಒಲೆಯ ಮೇಲೆ ಹಂಡೆಗಳು, ಧ್ವನಿವರ್ಧಕದಲ್ಲಿ ಯಾರೋ ಹೆಂಗಸು ಶ್ರುತಿ ತಪ್ಪಿ ಹಾಡುತ್ತಿದ್ದಳು. "ನೋಡಿದ್ಯಾ?" ಅಂದೆ. ಇದ್ರುಸ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಪಾಪ ಅನಿಸಿತು. ಹತ್ತೊಂಬತ್ತು ವರ್ಷದ ಮೇಲೆ ಬಂದವನು ಬಾಗಿಲಲ್ಲಿ ಕಳ್ಳನ ಹಾಗೆ ನಿಲ್ಲಬಾರದು, ಗೌರವದಿಂದ ಒಳಗೆ ಹೋಗಬೇಕು ಎಂದು ನಾನು ಮುಂದೆ ನಡೆದೆ. ಪ್ರವೇಶದಲ್ಲಿ ಮದುಮಕ್ಕಳ ಹೆಸರಿನ ಫಲಕವಿತ್ತು ಎಂದು ಆಮೇಲೆ ಹಲವರು ಹೇಳಿದರು. ನಾನು ನಕ್ಷೆ ನೋಡುತ್ತಿದ್ದೆ.

"ದಾರಿ ಬಿಡಿ, ದಾರಿ ಬಿಡಿ. ಹುಡುಗಿಯ ಅಪ್ಪ ಬಂದಿದಾರೆ."

ಹಂಡೆ ತಿರುವುತ್ತಿದ್ದ ಗಂಡಸರು ಸೌಟು ಎತ್ತಿ ನಿಂತರು. ಹಾಡು ನಿಂತಿತು. ನಾನು ಇದ್ರುಸನ ತೋಳು ಹಿಡಿದು ಮೆಟ್ಟಿಲು ಹತ್ತಿ ಒಳಕ್ಕೆ ನಡೆದೆ. ಪಡಸಾಲೆ ತುಂಬ ಜನ. ನಡುವೆ ಇಮಾಮರು, ಅವರ ಮುಂದೆ ಮದುಮಗ, ಅವನ ಕೈಯನ್ನು ಹಿಡಿದುಕೊಂಡು ಒಬ್ಬ ದಪ್ಪನೆಯ ಆಸಾಮಿ ಆಗಲೇ ಬಾಯಿ ತೆರೆದಿದ್ದ. ಅಪ್ಪನ ಜಾಗದಲ್ಲಿ ಬೇರೆಯವನನ್ನು ಕೂರಿಸಿ ಮುಗಿಸುತ್ತಿದ್ದಾರೆ ಎಂದು ನನಗೆ ಸಿಟ್ಟು ನೆತ್ತಿಗೇರಿತು.

"ನಿಲ್ಲಿಸಿ ಇಮಾಮರೇ. ಇನ್ನೂ ಬಾಂಗ್ ಆಗಿಲ್ಲ. ಹೆತ್ತಪ್ಪ ಇಲ್ಲೇ ಇದಾರೆ."

ಮದುಮಗ ಮೆಲ್ಲಗೆ ತನ್ನ ಕೈಯನ್ನು ಬಿಡಿಸಿಕೊಂಡ.

ಮೊದಲು ಬಾಯಿ ಬಿಟ್ಟವಳು ಮದುಮಗನ ಸೋದರತ್ತೆ. "ನನಗೆ ನಿಶ್ಚಿತಾರ್ಥದ ದಿನವೇ ಅನುಮಾನ ಇತ್ತು. ಹುಡುಗಿ ಮೂಗು ನೋಡಿ, ಬುರ್ಹಾನ್ ಮೂಗು ನೋಡಿ. ಎಲ್ಲಿಂದೆಲ್ಲಿಗೆ?"

ಬುರ್ಹಾನ್ ಎಂದರೆ ಆ ದಪ್ಪನೆಯ ಆಸಾಮಿ. ಪಡಸಾಲೆಯ ಎಲ್ಲರೂ ಹುಡುಗಿಯ ಮೂಗು ನೋಡಿದರು, ಬುರ್ಹಾನನ ಮೂಗು ನೋಡಿದರು, ಕೊನೆಗೆ ಇದ್ರುಸನ ಮೂಗು ನೋಡಿದರು. "ಹೌದಲ್ವಾ" ಎಂದು ಹಿಂದಿನಿಂದ ಯಾರೋ ಅಂದರು.

ಇಷ್ಟಾದರೂ ತಡೆಯಬಹುದಿತ್ತು. ಆದರೆ ಇದ್ರುಸ್ ಆಗಲೇ ಹುಡುಗಿಯನ್ನು ನೋಡಿಬಿಟ್ಟಿದ್ದ. ಗೋಡೆಯ ಪಕ್ಕ ಬಿಳಿ ಉಡುಪಿನಲ್ಲಿ ಕೂತಿದ್ದ ಆ ಹುಡುಗಿಯ ಮುಂದೆ ಹೋಗಿ ಮೊಣಕಾಲೂರಿ ಕೂತ. "ಎಷ್ಟು ದೊಡ್ಡೋಳಾಗ್ಬಿಟ್ಟೆಯಮ್ಮಾ" ಎಂದು ಗಳಗಳನೆ ಅತ್ತ. ಹುಡುಗಿಯೂ ಗಾಬರಿಯಿಂದ ಅಳಲು ಶುರುಮಾಡಿದಳು. ಇಬ್ಬರೂ ಅಳುವುದನ್ನು ನೋಡಿ ಹೆಂಗಸರಲ್ಲಿ ಅರ್ಧ ಜನ ಕಣ್ಣೊರೆಸಿಕೊಂಡರು. ರಕ್ತ ಸಂಬಂಧ ಎಲ್ಲಿ ಹೋಗುತ್ತೆ ಎಂದು ಒಬ್ಬ ಮುದುಕಿ ನಿಟ್ಟುಸಿರು ಬಿಟ್ಟಳು.

ಬುರ್ಹಾನ್ ಎದ್ದು ನಿಂತ. ಅಡಿಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದ. ಆಕೆ ಸೌಟು ಹಿಡಿದೇ ಬಂದಳು.

"ಯಾರು ಇವನು?" ಅಂದ.

"ಜನ್ಮದಲ್ಲಿ ನೋಡಿಲ್ಲ."

"ನಿನ್ನ ಮಗಳ ಅಪ್ಪ ಅಂತಾನೆ."

"ಹಾಗಾದ್ರೆ ನೀವ್ಯಾರು?" ಎಂದು ಆಕೆ ಸೌಟನ್ನು ಎತ್ತಿದಳು. ಅದು ಯಾರ ಮೇಲೆ ಇಳಿಯುವುದಿತ್ತೋ ಗೊತ್ತಿಲ್ಲ. ಇಮಾಮರು ನಡುವೆ ಬಂದರು. ಸಣ್ಣ ಆಳು, ನರೆತ ಗಡ್ಡ, ಬಹಳ ಮದುವೆಗಳನ್ನು ನೋಡಿ ದಣಿದ ಕಣ್ಣು. ಇದ್ರುಸನ ಪಕ್ಕ ಕೂತು ಮೆಲ್ಲಗೆ ಕೇಳಿದರು.

"ಪಾಕ್ಚಿಕ್, ನಿಮ್ಮ ಮಗಳ ಹೆಸರೇನು?"

"ನಾದಿರಾ."

"ಇವಳು ಯುಸ್ನಿತಾ."

ಇದ್ರುಸ್ ಆ ಹುಡುಗಿಯ ಮುಖವನ್ನು ಮತ್ತೊಮ್ಮೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. "ಮಿಜಿ, ಇವಳು ನನ್ನ ಮಗಳಲ್ವೇನೋ?" ಎಂದು ಕೇಳಿದ.

ಮುಖ ಎಲ್ಲಿಡುವುದೆಂದು ತಿಳಿಯದೆ ನಕ್ಷೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ.

ಗೊತ್ತಾಯಿತಲ್ಲ, ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಮದುಮಗನ ಸೋದರತ್ತೆ ಸುಲಭಕ್ಕೆ ಬಿಡುವ ಪೈಕಿಯವಳಲ್ಲ. "ನಾಲ್ಕು ಜನರ ಎದುರಿಗೆ ಅಪ್ಪ ಅಂದಿದಾನೆ, ನಾಲ್ಕು ಜನರ ಎದುರಿಗೆ ಅಲ್ಲ ಅನ್ಲಿ. ಆಮೇಲೇನೇ ನಮ್ಮ ಹುಡುಗ ಕೈ ಕೊಡೋದು" ಅಂದಳು. ಇಮಾಮರಿಗೂ ಅದು ನ್ಯಾಯ ಅನಿಸಿತು. ಸಾಕ್ಷಿಗಳ ಮುಂದೆ ಹುಟ್ಟಿದ ಅನುಮಾನ ಸಾಕ್ಷಿಗಳ ಮುಂದೆಯೇ ಸಾಯಬೇಕು ಎಂದರು.

ಇದ್ರುಸ್ ಎದ್ದು ನಿಂತು, "ಬುರ್ಹಾನನ ಮಗಳು ಯುಸ್ನಿತಾ ನನ್ನ ಮಗಳಲ್ಲ" ಅಂದ.

"ಹಿಂದೆ ಕೂತವರಿಗೆ ಕೇಳಿಸ್ಲಿಲ್ಲ" ಅಂದಳು ಸೋದರತ್ತೆ.

ಇನ್ನೊಮ್ಮೆ ಹೇಳಿದ. ಆಗ ಬುರ್ಹಾನ್ ಬಾಯಿ ಹಾಕಿದ. "ಆ ಮನುಷ್ಯ ಅಪ್ಪ ಬಂದ ಅಂತ ಕೂಗಿದ್ದು ಶಾಮಿಯಾನದಲ್ಲಿ. ಅಡಿಗೆ ಮಾಡ್ತಿರೋರೆಲ್ಲ ಕೇಳಿದಾರೆ. ನಾಳೆ ಮೀನು ಮಾರ್ಕೆಟ್ಟಲ್ಲಿ ನಾನು ಮುಖ ಎತ್ತೋದು ಹೇಗೆ? ಹೊರಗೂ ಹೇಳ್ಲಿ."

ಹಾಡುತ್ತಿದ್ದ ಹೆಂಗಸು ಮೈಕನ್ನು ತಂದು ಇದ್ರುಸನ ಕೈಗೆ ಕೊಟ್ಟಳು. ಅವನು ಮೆಟ್ಟಿಲ ಮೇಲೆ ನಿಂತು ಹೇಳಿದ. ಆ ಮಾತು ಧ್ವನಿವರ್ಧಕದಲ್ಲಿ ಹೊರಟು, ಗದ್ದೆ ದಾಟಿ, ಆಚೆಯ ಗುಡ್ಡಕ್ಕೆ ಬಡಿದು, ಹೊಗೆಯೊಳಗಿಂದ ಮತ್ತೆ ವಾಪಸು ಬಂತು. ಬುರ್ಹಾನನ ಮಗಳು ಯುಸ್ನಿತಾ ನನ್ನ ಮಗಳಲ್ಲ. ಹಂಡೆ ತಿರುವುವವರು ಒಪ್ಪಿಗೆಯಿಂದ ತಲೆಯಾಡಿಸಿ ಕೆಲಸ ಮುಂದುವರಿಸಿದರು.

ಅಲ್ಲಿಗೂ ಬಿಡಲಿಲ್ಲ. ಮದುವೆಮನೆಗೆ ಬಂದವರು ಉಣ್ಣದೆ ಹೋದರೆ ಮನೆಗೆ ಅಶುಭ. ಅವಮಾನ ಬೇರೆ, ಊಟ ಬೇರೆ. ಒಳಗೆ ಯುಸ್ನಿತಾಳ ನಿಕಾಹ್ ನಡೆಯುತ್ತಿರುವಾಗ ನಮ್ಮಿಬ್ಬರನ್ನು ಶಾಮಿಯಾನದಲ್ಲಿ ಕೂರಿಸಿ ತಟ್ಟೆ ಇಟ್ಟರು. ನಿಕಾಹ್ ಮುಗಿಸಿ ಬಂದ ಬುರ್ಹಾನ್ ತಾನೇ ನಿಂತು ಬಡಿಸಿದ. ಪ್ರತಿ ತುಂಡನ್ನೂ ಹಲ್ಲು ಕಚ್ಚಿಕೊಂಡು ಹಾಕುತ್ತಿದ್ದ. "ತಿನ್ನಿ ಪಾಕ್ಚಿಕ್, ಇನ್ನೂ ತಿನ್ನಿ" ಅನ್ನುತ್ತಿದ್ದ. ತಿಂದೆವು.

ಕೈ ತೊಳೆಯುವಲ್ಲಿ ಇಮಾಮರು ಸಿಕ್ಕರು. "ನಾದಿರಾ ಅಂದ್ರಲ್ಲ. ಯಾರ ಮನೆ ಹುಡುಗಿ?"

"ಮಾಲಿಕ್ ಅಂತ. ಅವನ ತಂಗಿ ಮಗಳು" ಅಂದೆ ನಾನು.

ಇಮಾಮರು ಕೈ ಒರೆಸುವುದನ್ನು ನಿಲ್ಲಿಸಿದರು. "ನಾನು ಈಗ ಹೊರಟಿರೋದು ಅಲ್ಲಿಗೇ. ಹುಡುಗಿ ಅಪ್ಪ ಬರಲ್ಲ, ಬರೋ ಜಾತಿಯವನೇ ಅಲ್ಲ ಅಂತ ಮಾಲಿಕ್ ನಿನ್ನೆಯಿಂದ ಹೇಳ್ತಿದಾರೆ. ಹುಡುಗಿ ಮಾತ್ರ ಬಾಂಗ್ ಆಗೋ ತನಕ ಕಾಯೋಣ ಅಂತ ಕೂತಿದಾಳಂತೆ." ಗಡಿಯಾರ ನೋಡಿಕೊಂಡರು. ಹನ್ನೆರಡು ಮುಕ್ಕಾಲಾಗಿತ್ತು. "ಇನ್ನು ಅರ್ಧ ಗಂಟೆ ಇದೆ. ನನ್ನ ಸ್ಕೂಟರ್ ಹಿಂದೇನೇ ಬನ್ನಿ. ಎಲ್ಲೂ ತಿರುಗ್ಬೇಡಿ. ದಯವಿಟ್ಟು."

ಮೂವತ್ತೊಂದು ವರ್ಷ ನಕ್ಷೆ ಬರೆದವನು ಒಂದು ಸ್ಕೂಟರಿನ ಹಿಂದೆ ಕಾರು ಬಿಟ್ಟುಕೊಂಡು ಹೋದೆ. ಕವಲು ದಾಟಿ ಬಲಕ್ಕೆ ತಿರುಗಿದೆವು. ನೀರಿನ ಟ್ಯಾಂಕು ಬಂತು, ಡೂರಿಯನ್ ಅಂಗಡಿ ಬಂತು, ಸೇತುವೆ ಬಂತು. ಎಲ್ಲವೂ ಕಾರ್ಡಿನಲ್ಲಿ ಅಚ್ಚಾಗಿದ್ದ ಜಾಗದಲ್ಲೇ ಇದ್ದವು.

"ವಾಪಸ್ ಹೋಗೋಣ ಮಿಜಿ" ಅಂದ ಇದ್ರುಸ್.

"ತಲೆ ಕೆಟ್ಟಿದೆಯಾ?"

"ಬೆಳಗ್ಗೆಯಿಂದ ನಾನು ಹಸಿವಾಗಿ ತಿಂತಿದೀನಿ ಅಂದ್ಕೊಂಡ್ಯಾ? ಹೋದ್ರೆ ಅವಳು ಯಾರು ಅಂತ ನನಗೇ ಗೊತ್ತಾಗಲ್ವೇನೋ ಅಂತ ಭಯ ಕಣೋ. ಗೊತ್ತಾಗ್ಲಿಲ್ಲ ನೋಡು. ಯಾರದೋ ಮಗಳ ಮುಂದೆ ಕೂತು ಅತ್ತೆ. ಮೂಗು ನಂದೇ ಅನ್ನಿಸ್ತು, ಕಣ್ಣು ನಂದೇ ಅನ್ನಿಸ್ತು. ಆ ಮಾಲಿಕ್ ಹೇಳಿದ್ದೇ ಸರಿ. ಅವರೇ ಮಾಡ್ಕೊಳ್ಲಿ. ಕಾರು ತಿರುಗಿಸು."

"ಇಲ್ಲಿ ತಿರುಗಿಸೋಕೆ ಜಾಗ ಇಲ್ಲ" ಅಂದೆ.

ಎರಡೂ ಕಡೆ ಬೇಕಾದಷ್ಟು ಜಾಗವಿತ್ತು. ಬೆಳಗ್ಗೆಯಿಂದ ಪಕ್ಕದಲ್ಲಿ ಕೂತವನ ಹೆದರಿಕೆ ಕಾಣದೆ, ಕೊಳವೆಗಟ್ಟಲೆ ಅನ್ನ ತಿನ್ನಿಸಿ ಹೆಮ್ಮೆಪಟ್ಟವನು ನಾನು. ನಾಚಿಕೆಯಾಯಿತು.

ಮಾಲಿಕ್ ಮೆಟ್ಟಿ‌ಲ ಮೇಲೆ ನಿಂತಿದ್ದ. ಎತ್ತರದ ಮನುಷ್ಯ, ಎದೆಯ ಜೇಬಿನಲ್ಲಿ ಅರ್ಜಿಯ ಕಾಗದ ಮಡಿಚಿಟ್ಟಿದ್ದು ಕಾಣುತ್ತಿತ್ತು. ಇದ್ರುಸನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಬಂದ್ಯಾ" ಅಂದ.

"ಬಂದೆ ಭಾವಾ."

"ಅಂಗಿ ಮೇಲೆ ಸಾರು ಚೆಲ್ಲಿದೆ."

ಇದ್ರುಸ್ ಬುರ್ಹಾನನ ಮನೆಯ ಹಳದಿ ಸಾರಿನ ಕಲೆಯನ್ನು ಕೈಯಿಂದ ಮುಚ್ಚಿಕೊಂಡು ಒಳಗೆ ಬಂದ. ಯಾರೂ ಮೇಲೇಳಲಿಲ್ಲ. ಅವನು ಒಮ್ಮೆ ಬಾಳಿದ ಮನೆ ಅದು. ಒಳಕೋಣೆಯ ಬಾಗಿಲಿಗೆ ಹಸಿರು ಪರದೆ, ಅದರ ಹಿಂದೆ ಹೆಂಗಸರ ಗುಜುಗುಜು. ಹುಡುಗಿ ಅಲ್ಲಿದ್ದಳು. ಈ ಸಲ ನಾನು ಬಾಯಿ ಬಿಡದೆ ಕಂಬದ ಪಕ್ಕ ಕೂತೆ.

ಮದುಮಗ ಸಪೂರ ಹುಡುಗ, ಬೆವರಿ ತೊಪ್ಪೆಯಾಗಿದ್ದ. ಅಪ್ಪನ ಮಾತು ಮುಗಿದ ಕೂಡಲೇ ಒಂದೇ ಉಸಿರಿಗೆ 'ಒಪ್ಪಿದೆ' ಅನ್ನಬೇಕು, ತಡವರಿಸಿದರೆ ಮತ್ತೆ ಮೊದಲಿನಿಂದ. ತಿಂಗಳಿಂದ ಅಭ್ಯಾಸ ಮಾಡಿದ್ದಾನೆ ಎಂದು ಪಕ್ಕದವರು ಹೇಳಿದರು. ಇಮಾಮರು ದುವಾ ಓದಿ, ಇದ್ರುಸನ ಕೈಯನ್ನು ಅವನ ಕೈಯಲ್ಲಿಟ್ಟರು.

"ಹೇಳಿ ಪಾಕ್ಚಿಕ್. ನಿಧಾನವಾಗಿ ಹೇಳಿ."

ಇದ್ರುಸ್ ಗಂಟಲು ಸರಿಮಾಡಿಕೊಂಡ.

"ನನ್ನ ಮಗಳು ಯುಸ್ನಿತಾಳನ್ನು ನಿನಗೆ ನಿಕಾಹ್ ಮಾಡಿಕೊಟ್ಟೆ."

"ಒಪ್ಪಿದೆ" ಅಂದ ಮದುಮಗ, ಒಂದೇ ಉಸಿರಿಗೆ, ಗಟ್ಟಿಯಾಗಿ, ಎಳ್ಳಷ್ಟೂ ತಡವರಿಸದೆ.

"ಏನು ಒಪ್ಪಿದೆ?" ಎಂದು ಇಮಾಮರು ತಲೆ ಹಿಡಿದುಕೊಂಡರು. "ಆ ಹುಡುಗಿಗೆ ಒಂದು ಗಂಟೆ ಹಿಂದೆ ನಾನೇ ನಿಕಾಹ್ ಮಾಡ್ಸಿ ಬಂದಿದೀನಪ್ಪ."

ಸಾಕ್ಷಿಗಳಲ್ಲಿ ಒಬ್ಬರು ಕಿವುಡು, ನಿಕಾಹ್ ಸರಿಯಾಗಿ ಆಯಿತು ಎಂಬುದಕ್ಕೆ ಸಾಕ್ಷಿಗಳು ಹೇಳುವ 'ಸಿಂಧು' ಎಂಬ ಮಾತನ್ನು ಆಗಲೇ ಅಂದುಬಿಟ್ಟಿದ್ದರು. ಅವರನ್ನು ತಡೆಯಬೇಕಾಯಿತು. ಜನರಲ್ಲಿ ನಗು ಹರಡಿತು. ಪರದೆಯ ಹಿಂದೆ ಮಾತ್ರ ಯಾರೂ ನಗಲಿಲ್ಲ. ಯುಸ್ನಿತಾ ಯಾರು, ಎಲ್ಲಿಂದ ಬಂದಳು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ನನಗೆ ಗೊತ್ತಿತ್ತು. ಮೂರು ಸಲ ಸಾಕ್ಷಿಗಳ ಮುಂದೆ, ಅದರಲ್ಲೊಮ್ಮೆ ಮೈಕಿನಲ್ಲಿ, ಆ ಹೆಸರನ್ನು ಅವನ ನಾಲಿಗೆಗೆ ಹತ್ತಿಸಿದವನು ನಾನೇ.

"ಪರವಾಗಿಲ್ಲ. ಇನ್ನೊಂದ್ಸಲ" ಅಂದರು ಇಮಾಮರು.

ಇದ್ರುಸ್ ಕಣ್ಣು ಮುಚ್ಚಿಕೊಂಡ. "ನನ್ನ ಮಗಳು..." ಎಂದ. "ನನ್ನ ಮಗಳು ಯು..." ಎಂದು ನಿಲ್ಲಿಸಿದ. ಬಾಯಿ ತೆರೆದ, ಮುಚ್ಚಿದ. ಅವನ ಮುಖ ನೋಡಿದರೆ ಸರಿಯಾದ ಹೆಸರಿಗಾಗಿ ತಡಕಾಡುತ್ತಿದ್ದಾನೆ, ಅದು ಸಿಗುತ್ತಿಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಈಗ ಯಾರೂ ನಗಲಿಲ್ಲ.

"ನೋಡಿದ್ರಾ?" ಅಂದ ಮಾಲಿಕ್. ಕೂಗಲಿಲ್ಲ, ಸಾಧಾರಣ ದನಿಯಲ್ಲೇ ಅಂದ. "ಹೆಸರೂ ಗೊತ್ತಿಲ್ಲ."

"ಪಾಕ್ಚಿಕ್, ನನಗೆ ವಹಿಸಿಕೊಟ್ಬಿಡಿ" ಎಂದು ಇಮಾಮರು ಇದ್ರುಸನ ಹೆಗಲ ಮೇಲೆ ಕೈಯಿಟ್ಟರು. "ವಹಿಸ್ದೆ ಅಂದ್ರೆ ಸಾಕು. ಉಳಿದಿದ್ದು ನಾನು ಹೇಳ್ತೀನಿ. ಎಷ್ಟೋ ಜನ ಹಾಗೇ ಮಾಡ್ತಾರೆ, ಅದರಲ್ಲಿ ತಪ್ಪಿಲ್ಲ."

ಇದ್ರುಸ್ ತಲೆಯಲ್ಲಾಡಿಸಿದ. ಹುಡುಗನ ಕೈ ಬಿಡಲಿಲ್ಲ. ದೂರದಲ್ಲಿ ಮಸೀದಿಯ ಧ್ವನಿವರ್ಧಕ ಗರಗರ ಎಂದಿತು, ಯಾರೋ ಅದನ್ನು ಸರಿಮಾಡುತ್ತಿದ್ದರು. ಮಾಲಿಕನ ಕೈ ಜೇಬಿಗೆ ಹೋಯಿತು.

ಆಗ ಪರದೆಯ ಹಿಂದಿನಿಂದ ಹುಡುಗಿಯ ದನಿ ಬಂತು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅಂಚೆ ಕಚೇರಿಯ ಕಿಟಕಿಯಲ್ಲಿ ಹೇಳುವಷ್ಟು ಸ್ಪಷ್ಟವಾಗಿ ಹೇಳಿದಳು.

"ನನ್ನ ಹೆಸರು ನಾದಿರಾ, ಪಾಕ್ಚಿಕ್."

ಇದ್ರುಸ್ ಪರದೆಯ ಕಡೆ ನೋಡಿದ. ಆಮೇಲೆ ಹುಡುಗನ ಕಡೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ, "ನನ್ನ ಮಗಳು ನಾದಿರಾಳನ್ನು ನಿನಗೆ ನಿಕಾಹ್ ಮಾಡಿಕೊಟ್ಟೆ" ಅಂದ.

ಮದುಮಗ ಇಮಾಮರ ಮುಖ ನೋಡಿದ. "ಈಗ ಹೇಳ್ಲಾ?"

"ಹೇಳಪ್ಪಾ, ಹೇಳು."

"ಒಪ್ಪಿದೆ."

"ಸಿಂಧು" ಅಂದರು ಸಾಕ್ಷಿಗಳು. ಬಾಂಗ್ ಆಯಿತು.

ಆಮೇಲೆ ನಾದಿರಾ ಹೊರಗೆ ಬಂದು ಹಿರಿಯರ ಕೈಯನ್ನು ಸಾಲಾಗಿ ಹಣೆಗೊತ್ತಿಕೊಂಡಳು. ಮಾಲಿಕನದು, ಇಮಾಮರದು, ಇದ್ರುಸನದು, ನನ್ನದು. ಅವಳ ಮೂಗು ರೊಸ್ನಾಳದ್ದೇ. "ಇಬ್ರೂ ಊಟ ಮಾಡ್ಕೊಂಡು ಹೋಗಿ" ಅಂದಳು. ಫೋಟೋ ತೆಗೆಯುವವನು ಕರೆದ, ಹೋದಳು. ನಾವು ಶಾಮಿಯಾನದಲ್ಲಿ ಕೂತು ಉಂಡೆವು. ಇದ್ರುಸ್ ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ಅವನನ್ನು ಫೋಟೋಗೆ ಯಾರಾದರೂ ಕರೆಯುತ್ತಾರೇನೋ ಎಂದು ನಾನು ಮೂರು ಗಂಟೆಯವರೆಗೆ ಕಾದೆ. ಕರೆಯಲಿಲ್ಲ.

ವಾಪಸು ಬರುವಾಗ ಹೊಗೆ ಇನ್ನೂ ದಟ್ಟವಾಗಿತ್ತು. ಇದ್ರುಸ್ ಕಿಟಕಿಯ ಕಡೆ ಮುಖ ಮಾಡಿ ಏನೋ ಗೊಣಗುತ್ತಿದ್ದ. ಕಿವಿಗೊಟ್ಟು ಕೇಳಿದೆ. ನನ್ನ ಮಗಳು ನಾದಿರಾ, ನನ್ನ ಮಗಳು ನಾದಿರಾ. ಮಗ್ಗಿ ಬಾಯಿಪಾಠ ಮಾಡುವವರ ಹಾಗೆ ಹೇಳುತ್ತಲೇ ಇದ್ದ.

"ಕೆಲಸ ಮುಗೀತಲ್ಲೋ. ಇನ್ಯಾಕೆ?" ಅಂದೆ.

"ಮುಂದಿನ ಸಲ ತಪ್ಪಬಾರದು" ಅಂದ.

ಅಪ್ಪನಾದವನು ಆ ಮಾತು ಹೇಳುವುದು ಒಂದೇ ಸಲ. ಅದು ಅವನಿಗೂ ಗೊತ್ತಿತ್ತು. ನಾನು ಕಾರು ಓಡಿಸಿದೆ, ಅವನು ಸೆರಂಬಾನ್ ಬರುವವರೆಗೂ ಹೇಳಿಕೊಳ್ಳುತ್ತಲೇ ಇದ್ದ.